ಕಷ್ಟದ ಆತ್ಮಕತೆ ಓದುವಾಗ ಸಂಶಯ ಬಂದರೆ: ಇಸವಿ, ಕೆಲಸ, ಹಣ ಇವನ್ನು ಪರೀಕ್ಷಿಸುವ ಕ್ರಮ

ಫೇಸ್‌ಬುಕ್ಕಿನಲ್ಲಿ ದಿನಕ್ಕೊಂದು ಕಂತಿನಂತೆ ಬರುವ ಬದುಕಿನ ಕತೆಗಳನ್ನು ಓದದವರು ಕಾಸರಗೋಡಿನ ಕಡೆ ಈಗ ಕಡಿಮೆ. ಗೇರುಗುಡ್ಡದ ಬುಡದ ಬಾಲ್ಯ, ಬೀಡಿ ಕಟ್ಟಿ ಶಾಲೆ ಕಲಿತದ್ದು, ಬೊಂಬಾಯಿಯ ಹೋಟೆಲಿನಲ್ಲಿ ತಟ್ಟೆ ತೊಳೆದದ್ದು, ಗಲ್ಫಿಗೆ ಹೋಗಿ ಮೋಸಹೋದದ್ದು. ಇಪ್ಪತ್ತು ಕಂತುಗಳನ್ನು ಕಣ್ಣು ಒದ್ದೆಮಾಡಿಕೊಂಡು ಓದಿದವರಿಗೆ ಇಪ್ಪತ್ತೊಂದನೆಯದರಲ್ಲಿ ಯಾವುದೋ ಒಂದು ವಾಕ್ಯ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತದೆ. ಆ ಇಸವಿಯಲ್ಲಿ ಆ ರೈಲು ಎಲ್ಲಿತ್ತು? ಅಲ್ಲಿಂದ ಓದುಗರಲ್ಲಿ ಎರಡು ಪಂಗಡವಾಗುತ್ತದೆ. ಒಂದು ಪಂಗಡಕ್ಕೆ ಎಲ್ಲವೂ ಸುಳ್ಳು, ಇನ್ನೊಂದಕ್ಕೆ ಪ್ರಶ್ನೆ ಕೇಳಿದವನೇ ಕಲ್ಲೆದೆಯವನು. ಇಬ್ಬರೂ ಪರೀಕ್ಷಿಸಲು ಹೋಗುವುದಿಲ್ಲ.

ಪರೀಕ್ಷಿಸಲು ಕ್ರಮವಿದೆ. ಸಂಶಯಪಡಬೇಕಾದದ್ದು ವಾಕ್ಯವನ್ನು, ಮನುಷ್ಯನನ್ನಲ್ಲ. ಎಷ್ಟು ಪುರಾವೆ ಬೇಕೆನ್ನುವುದು ಆ ವಾಕ್ಯ ನಮ್ಮಿಂದ ಏನು ಕೇಳುತ್ತಿದೆ ಎಂಬುದರ ಮೇಲೆ ನಿಂತಿದೆ. ‘ಹಸಿದಿದ್ದೆ’ ಎಂಬ ವಾಕ್ಯ ನಮ್ಮ ಕನಿಕರ ಮಾತ್ರ ಕೇಳುತ್ತದೆ, ಅದಕ್ಕೆ ದಾಖಲೆ ಬೇಡ. ‘ಇಂಥ ಮೇಷ್ಟ್ರು ನನ್ನನ್ನು ಕಟ್ಟಿಹಾಕಿ ಹೊಡೆದರು’ ಎಂಬುದು ಇನ್ನೊಬ್ಬರ ಮಾನವನ್ನು ಕೇಳುತ್ತದೆ. ‘ಈ ಖಾತೆಗೆ ಹಣ ಹಾಕಿ’ ಎಂಬುದು ಕಿಸೆಯನ್ನೇ ಕೇಳುತ್ತದೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬಡವರ ಮಾತು ನಂಬದವರಾಗುತ್ತೇವೆ, ಇಲ್ಲವೆ ಮೋಸಕ್ಕೆ ಸಿಕ್ಕುತ್ತೇವೆ.

ಮೊದಲು ನಮ್ಮ ತಿಳಿವಳಿಕೆಯನ್ನೇ ಪರೀಕ್ಷಿಸಿಕೊಳ್ಳಬೇಕು

ಕಾಸರಗೋಡಿನವರು ಬರೆದ ಕತೆಗಳನ್ನು ಹೊರಗಿನವರು ‘ಇದು ಸಾಧ್ಯವಿಲ್ಲ’ ಎಂದು ತಳ್ಳುವುದು ಬಹಳ ಸಲ ಅವರ ತಿಳಿವಳಿಕೆಯ ಕೊರತೆಯಿಂದ. ಕೇರಳದ ಮಗು ಕನ್ನಡ ಮಾಧ್ಯಮದಲ್ಲಿ ಓದಿ ಕೇರಳದ್ದೇ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುತ್ತದೆ ಎಂದರೆ ಬೆಂಗಳೂರಿನ ಓದುಗರಿಗೆ ಕಟ್ಟುಕತೆಯಂತೆ ಕೇಳಬಹುದು. ನಮಗೆ ಅದು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಡೆದುಬಂದ ಬಾಳು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಸುರಿದು, ಕಾಸರಗೋಡಿನ ರೋಗಿಗಳು ಹತ್ತಿರದ ಮಂಗಳೂರಿನ ಆಸ್ಪತ್ರೆ ಸೇರಲಾಗದೆ ಸತ್ತದ್ದೂ ಹಾಗೆಯೇ. ಕೇಳಿದವರಿಗೆ ಉತ್ಪ್ರೇಕ್ಷೆ, ಆದರೆ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮುಂದೆ ಹೋದ ಸಂಗತಿ ಅದು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ಇದಕ್ಕಿಂತ ದೊಡ್ಡ ಪಾಠ. ಗೇರು ಪ್ಲಾಂಟೇಶನ್ನಿನಲ್ಲಿ 1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಿದ್ದರು. ಪಡ್ರೆ, ಎಣ್ಮಕಜೆ ಕಡೆಯ ಮನೆಗಳಲ್ಲಿ ಕಾಯಿಲೆಬಿದ್ದ ಮಕ್ಕಳ ಸ್ಥಿತಿ ಕಂಡು ಮಾತಾಡಿದವರನ್ನು ವರ್ಷಗಟ್ಟಲೆ ಯಾರೂ ನಂಬಲಿಲ್ಲ. ಮದ್ದಿಗೂ ಕಾಯಿಲೆಗೂ ಸಂಬಂಧವಿಲ್ಲ ಎಂದ ಸಮಿತಿ ವರದಿಯೂ ಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಸಂಶಯವನ್ನು ತಪ್ಪು ಜಾಗದಲ್ಲಿಟ್ಟರೆ ಎಷ್ಟು ವರ್ಷ ಹಾಳಾಗುತ್ತದೆ ಎನ್ನುವುದನ್ನು ಈ ಜಿಲ್ಲೆಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ನೆನಪು ತಪ್ಪುವುದು ಬೇರೆ, ಸುಳ್ಳು ಬೇರೆ

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು’ ಎಂದು ಬರೆಸಿಟ್ಟುಕೊಂಡರು. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ 11 ಮಂದಿಗೆ ಒಂದು ಅಂಶವೂ ಸರಿಯಾಗಿ ನೆನಪಿರಲಿಲ್ಲ. ಆದರೂ ತಮ್ಮ ನೆನಪೇ ಸರಿ ಎಂಬ ಧೈರ್ಯ ಹೆಚ್ಚಿನವರಿಗಿತ್ತು. ತಾವೇ ಬರೆದ ಕಾಗದ ತೋರಿಸಿದರೂ ಹೊಸ ನೆನಪನ್ನು ಬಿಟ್ಟುಕೊಡಲು ಕೆಲವರಿಗೆ ಆಗಲಿಲ್ಲ. ಎರಡೂವರೆ ವರ್ಷಕ್ಕೇ ಹೀಗಾದರೆ ನಲವತ್ತು ವರ್ಷದ ಹಿಂದಿನ ಬಾಲ್ಯದಲ್ಲಿ ಇಸವಿ, ತಿಂಗಳು, ಮಾತಿನ ಪದ ತಪ್ಪದೆ ಇದ್ದರೆ ಅದೇ ಆಶ್ಚರ್ಯ.

ಇದರ ಮೇಲೆ ನಮ್ಮೂರಿನ ದಾಖಲೆಗಳ ತೊಡಕು ಸೇರುತ್ತದೆ. ಹಳಬರ ಶಾಲಾ ದಾಖಲೆಯಲ್ಲಿರುವ ಹುಟ್ಟಿದ ತಾರೀಕು ಬಹಳ ಸಲ ಮೇಷ್ಟ್ರು ಸೇರಿಸಿಕೊಳ್ಳುವ ದಿನ ಲೆಕ್ಕಹಾಕಿ ಬರೆದದ್ದು. ಮನೆಯಲ್ಲಿ ‘ಎಂಟು ನಡೆಯುತ್ತಿತ್ತು’ ಅಂದರೆ ಏಳು ತುಂಬಿದೆ ಎಂದರ್ಥ. ಹೀಗಾಗಿ ಬಾಲ್ಯದ ವಯಸ್ಸಿನಲ್ಲಿ ಒಂದೆರಡು ವರ್ಷದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬಾರದು. ಮನೆಯಲ್ಲಿ ಕರೆಯುವ ತುಳು ಹೆಸರು ಒಂದು, ಶಾಲೆಯಲ್ಲಿ ಕನ್ನಡ ಹೆಸರು ಇನ್ನೊಂದು, ರೇಶನ್ ಕಾರ್ಡಿನಲ್ಲಿ ಮಲಯಾಳಕ್ಕೆ ತಿರುಗಿ ಬಂದ ರೂಪ ಮತ್ತೊಂದು. ಊರಿಗೂ ಹಾಗೆಯೇ, ಒಬ್ಬರು ಹೊಸದುರ್ಗ ಎಂದರೆ ಇನ್ನೊಬ್ಬರು ಕಾಞಂಗಾಡ್ ಎನ್ನುತ್ತಾರೆ. ಹೆಸರು ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ‘ಸಿಕ್ಕಿಬಿದ್ದ’ ಎಂದು ಕುಣಿಯುವವರು ಈ ನೆಲವನ್ನು ಅರಿತವರಲ್ಲ.

ಸಂಭಾಷಣೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮೂವತ್ತು ವರ್ಷದ ಹಿಂದಿನ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದು ಮತ್ತೆ ಕಟ್ಟಿದ್ದೇ, ಹೆಸರು ಬದಲಿಸಿದರೆ ಮರ್ಯಾದೆಗಾಗಿ. ಆಗದ್ದನ್ನು ಆಯಿತು ಎನ್ನುವುದರಿಂದ ಮಾತ್ರ ಗೆರೆ ದಾಟಿದಂತೆ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ

ಮೊದಲ ಕೆಲಸ ಸ್ಕ್ರೀನ್‌ಶಾಟ್. ಸಂಶಯ ಹುಟ್ಟಿಸಿದ ಕಂತನ್ನು ತಾರೀಕು ಕಾಣುವಂತೆ ತೆಗೆದಿಡಿ, ಬರೆದವರು ಆಮೇಲೆ ತಿದ್ದಬಹುದು. ತಿದ್ದುವುದು ತಪ್ಪಲ್ಲ. ಫೇಸ್‌ಬುಕ್ಕಿನ ಪೋಸ್ಟಿನಲ್ಲಿ ‘ಎಡಿಟ್ ಹಿಸ್ಟರಿ’ ಒತ್ತಿದರೆ ಹಿಂದಿನ ರೂಪ ಕಾಣುತ್ತದೆ. ಪೇಜ್ ಆಗಿದ್ದರೆ ‘ಪೇಜ್ ಟ್ರಾನ್ಸ್‌ಪರೆನ್ಸಿ’ಯಲ್ಲಿ ಅದು ಶುರುವಾದ ದಿನ, ಹಿಂದೆ ಯಾವ ಹೆಸರಿನಲ್ಲಿತ್ತು ಎಂಬುದು ಸಿಗುತ್ತದೆ. ಅಡುಗೆ ವಿಡಿಯೋ ಹಾಕುತ್ತಿದ್ದ ಪೇಜು ಹೆಸರು ಬದಲಿಸಿ ‘ನನ್ನ ಕಣ್ಣೀರ ಹಾದಿ’ ಆಗಿದ್ದರೆ ಕಣ್ಣು ತೆರೆದು ಓದಬೇಕು.

ಆಮೇಲೆ ನೋಟ್‌ಬುಕ್ಕು. ಇಸವಿ, ವಯಸ್ಸು, ಊರು, ಜೊತೆಗಿದ್ದವರು, ‘ಇದು ಅವರಿಗೆ ಹೇಗೆ ಗೊತ್ತು’. ಕಂತುಕಂತಾಗಿ ಓದುವಾಗ ಕಾಣದ್ದು ಕಾಲಂನಲ್ಲಿ ಎದ್ದು ನಿಲ್ಲುತ್ತದೆ. ಐದನೆಯ ಕಾಲಂ ಮುಖ್ಯ. ತಾನು ಕಂಡದ್ದು, ಅಜ್ಜಿ ಹೇಳಿದ್ದು, ಊಹಿಸಿದ್ದು ಈ ಮೂರನ್ನು ಬೇರೆಬೇರೆಯಾಗಿ ಹೇಳುವ ಬರಹಗಾರರ ಮೇಲೆ ನಂಬಿಕೆ ತಾನಾಗಿ ಹೆಚ್ಚುತ್ತದೆ.

ಒಂದು ಕಲ್ಪಿತ ಸರಣಿ ಇಟ್ಟುಕೊಂಡು ನೋಡೋಣ. ಬರಹಗಾರ 1978ರಲ್ಲಿ ಪೆರ್ಲದ ಕಡೆ ಹುಟ್ಟಿದವನು. ಅವನ ಐದು ವಾಕ್ಯಗಳು ಸಿಕ್ಕಿಕೊಂಡಿವೆ.

‘ಒಂದನೇ ಕ್ಲಾಸಿನ ಮಳೆಗಾಲದಲ್ಲಿ ಹೆಲಿಕಾಪ್ಟರ್ ನಮ್ಮ ತಲೆಯ ಮೇಲೆಯೇ ಮದ್ದು ಬಿಡುತ್ತಿತ್ತು.’ ಗೇರಿಗೆ ಮದ್ದು ಬಿಡುತ್ತಿದ್ದದ್ದು ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆ, ಚಿಗುರು, ಹೂ, ಎಳೆಗಾಯಿಯ ಹೊತ್ತಿಗೆ, ಅಂದರೆ ಮಳೆ ಹಿಂದೆಸರಿದ ಮೇಲಿನ ತಿಂಗಳುಗಳಲ್ಲಿ. ಜೂನ್, ಜುಲೈಯ ಮಳೆಯಲ್ಲಿ ಬಿಟ್ಟ ಮದ್ದು ತೊಳೆದೇ ಹೋಗುತ್ತದೆ. ಹಾಗಾದರೆ ಸುಳ್ಳೇ? ಅಲ್ಲ. ಹೆಲಿಕಾಪ್ಟರ್ ನಿಜ, ಇಸವಿ ಹೊಂದುತ್ತದೆ, ಊರು ಹೊಂದುತ್ತದೆ. ಒಂದನೇ ಕ್ಲಾಸು ಎಂದ ಕೂಡಲೇ ಕೊಡೆ, ಮಳೆ ನೆನಪಾಗಿ ಎರಡು ನೆನಪುಗಳು ಅಂಟಿಕೊಂಡಿವೆ. ತಿಂಗಳು ನೆನಪಿನಿಂದ ಬೇಗ ಜಾರುವ ವಿವರ.

‘ಏಳನೇ ಕ್ಲಾಸಿನಲ್ಲಿದ್ದಾಗ ಸಂಜೆ ಶಾಲೆಯಿಂದ ಬಂದು ದಿನಕ್ಕೆ ಎರಡು ಸಾವಿರ ಬೀಡಿ ಕಟ್ಟುತ್ತಿದ್ದೆ.’ ಇಲ್ಲಿ ಗಣಿತ ಬೇಕು. ಬೀಡಿಯ ಮಜೂರಿ ಸಾವಿರದ ಲೆಕ್ಕ, ಕೈ ಪಳಗಿದವರಿಗೆ ಸಾವಿರವೆಂದರೆ ಪೂರಾ ದಿನದ ದುಡಿತ. ಎಂಟು ಗಂಟೆಗೆ ಸಾವಿರ ಎಂದರೂ ಒಂದು ಬೀಡಿಗೆ ಸುಮಾರು 29 ಸೆಕೆಂಡು. ಎಲೆ ನೆನೆಸುವುದು, ಅಳತೆಗೆ ಕತ್ತರಿಸುವುದು ಅದರ ಹೊರಗೆ. ಸಂಜೆ ಐದು ಗಂಟೆಯ ಅವಧಿಯಲ್ಲಿ ಎರಡು ಸಾವಿರ ಕಟ್ಟಬೇಕಾದರೆ ಒಂದಕ್ಕೆ 9 ಸೆಕೆಂಡು. ಹನ್ನೆರಡರ ಮಗುವಿನ ಕೈಯಲ್ಲಿ ಆಗದು. ಆದರೆ ಅಮ್ಮ, ಅಕ್ಕ, ತಾನು ಸೇರಿ ಒಂದೇ ಮೊರದ ಸುತ್ತ ಕೂತು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟದ್ದು ಎರಡು ಸಾವಿರ ಎಂದರೆ ಪೂರ್ತಿ ಸಾಧ್ಯ. ಕೇಳಬೇಕಾದ ಪ್ರಶ್ನೆ ‘ಮನೆಯವರೆಲ್ಲ ಸೇರಿಯೇ?’ ಎಂಬುದು.

‘1994ರ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲದರಲ್ಲೂ ಎ ಪ್ಲಸ್.’ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಡು ಬಂದದ್ದು 2005ರಲ್ಲಿ. ಅದಕ್ಕೆ ಮೊದಲು 600ರಲ್ಲಿ ಅಂಕ, 210 ಬಂದರೆ ಪಾಸು. ಆ ಕಾಲದಲ್ಲಿ ಬರೆದವರು 210ನ್ನು ಸಾಯುವವರೆಗೂ ಮರೆಯುವುದಿಲ್ಲ. ಈಗಿನ ಮಕ್ಕಳಿಗೆ ತಿಳಿಯಲೆಂದು ಹಳೆಯದನ್ನು ಹೊಸ ಮಾತಿನಲ್ಲಿ ಹೇಳಿರಬಹುದು, ಅದಿಷ್ಟೇ ಅವರ ಪರವಾಗಿ ಹೇಳಬಹುದಾದದ್ದು. ಇದೇ ಜಾತಿಯ ತಪ್ಪುಗಳು ಬೇರೆಯೂ ಉಂಟು. 1980ರಲ್ಲಿ ‘ಕಾಸರಗೋಡು ಕಲೆಕ್ಟರಿಗೆ ಅರ್ಜಿ ಕೊಟ್ಟೆ’ ಎಂದರೆ ಜಿಲ್ಲೆಯೇ ಆದದ್ದು 1984ರ ಮೇ 24ರಂದು, ಅಲ್ಲಿಯವರೆಗೆ ಕಣ್ಣೂರು ಜಿಲ್ಲೆ. 1990ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯದ ಡಿಗ್ರಿ ಎಂದರೆ ಆಗ ಇಲ್ಲಿನ ಕಾಲೇಜುಗಳು ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಕೆಳಗಿದ್ದವು. ಮಂಜೇಶ್ವರ ತಾಲೂಕು ಬಂದದ್ದು 2014ರಲ್ಲಿ.

‘1995ರಲ್ಲಿ ಕಾಸರಗೋಡಿನಲ್ಲಿ ರೈಲು ಹತ್ತಿ ಗೋವಾ ದಾರಿಯಾಗಿ ಬೊಂಬಾಯಿಗೆ ಓಡಿಹೋದೆ.’ ಕೊಂಕಣ ರೈಲು ಮಂಗಳೂರಿನಿಂದ ಬೊಂಬಾಯಿಯವರೆಗೆ ಪೂರ್ತಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೆ ಮೊದಲು ಓಡಿಹೋದವರು ಮಂಗಳೂರಿನಿಂದ ಬಸ್ಸು ಹಿಡಿದವರೇ ಹೆಚ್ಚು. ‘1999ರಲ್ಲಿ ಬಜ್ಪೆಯಿಂದ ನೇರ ದುಬೈ ವಿಮಾನ’ ಎಂಬ ಐದನೆಯದೂ ಹಾಗೆಯೇ, ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಹೊರದೇಶಕ್ಕೆ ವಿಮಾನ ಹಾರಿದ್ದು 2006ರ ಅಕ್ಟೋಬರಿನಲ್ಲಿ. ಹತ್ತಾರು ಸಲ ಹೋಗಿಬಂದವನ ತಲೆಯಲ್ಲಿ ಆಮೇಲಿನ ಪ್ರಯಾಣ ಮೊದಲಿನದರ ಮೇಲೆ ಕೂತಿರಬಹುದು. ಆದರೆ ಹದಿನೇಳರ ಪ್ರಾಯದಲ್ಲಿ ಮನೆಬಿಟ್ಟು ಓಡಿದ ಆ ಮೊದಲ ದಾರಿ ಸುಲಭಕ್ಕೆ ಮಸುಕಾಗುವಂಥದ್ದಲ್ಲ. ಐದು ವಾಕ್ಯಗಳಲ್ಲಿ ಹೆಚ್ಚು ತೂಕ ಇದಕ್ಕೆ.

ಈಗ ಐದನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನೆನಪಿನ ತಪ್ಪು ಅಡ್ಡಾದಿಡ್ಡಿ ಚೆಲ್ಲಿರುತ್ತದೆ, ಒಂದು ತಪ್ಪು ಬರಹಗಾರನನ್ನು ದೊಡ್ಡವನನ್ನಾಗಿ ಮಾಡಿದರೆ ಇನ್ನೊಂದು ಸಣ್ಣವನನ್ನಾಗಿ ಮಾಡುತ್ತದೆ. ಎಲ್ಲ ತಪ್ಪುಗಳೂ ಒಂದೇ ಕಡೆಗೆ, ಹಸಿವು ಹೆಚ್ಚು, ಬೀಡಿ ಹೆಚ್ಚು, ಅಂಕ ಹೆಚ್ಚು ಎಂದು ವಾಲಿದ್ದರೆ ಸಂಶಯಕ್ಕೆ ಬಲ ಬರುತ್ತದೆ. ತನ್ನ ಕಡೆಗೆ ಸ್ವಲ್ಪ ವಾಲುವುದು ಎಲ್ಲರ ನೆನಪಿನ ಗುಣ. ಆದ್ದರಿಂದ ವಾಲುವಿಕೆಯೊಂದೇ ತೀರ್ಪಲ್ಲ.

ಕೈಗೆ ಗೊತ್ತಿರುವ ಕೆಲಸ

ಇಸವಿಗಿಂತ ಗಟ್ಟಿಯಾದ ಒರೆಗಲ್ಲು ದುಡಿಮೆಯ ವಿವರ. ಇಸವಿಯನ್ನು ಯಾರೂ ಹುಡುಕಿ ಬರೆಯಬಹುದು. ಬೀಡಿ ಕಟ್ಟಿದವರು ಎಲೆ ಕಡಿಮೆ ತೂಗಿ ಕೊಟ್ಟ ಬ್ರಾಂಚಿನವನನ್ನು, ಕಳಪೆ ಎಂದು ಬದಿಗೆ ತಳ್ಳಿದ ಕಟ್ಟುಗಳನ್ನು, ಮಳೆಗಾಲದಲ್ಲಿ ಬೀಡಿ ಒಣಗದ ಚಿಂತೆಯನ್ನು ಬರೆಯುತ್ತಾರೆ. ಬರೀ ಕೇಳಿ ಬರೆಯುವವರು ‘ಬೆರಳು ರಕ್ತವಾಗುತ್ತಿತ್ತು’ ಎಂದು ಮುಂದೆ ಹೋಗುತ್ತಾರೆ. ನೀರಿಗಾಗಿ ಸುರಂಗ ತೋಡಿದವರು ‘ಸುರಂಗಕ್ಕೆ ಇಳಿದೆ’ ಎನ್ನುವುದಿಲ್ಲ. ಅದು ಬಾವಿಯಲ್ಲ, ಮುರಕಲ್ಲಿನ ಗುಡ್ಡದೊಳಗೆ ಅಡ್ಡವಾಗಿ ನಡೆದು ಹೋಗುವ ದಾರಿ. ಮೋಂಬತ್ತಿಯ ಉರಿ ಕುಗ್ಗಿದರೆ ಗಾಳಿ ಸಾಲದು ಎಂದು ಹೊರಬರುವುದು, ಇಕ್ಕಟ್ಟಿನಲ್ಲಿ ಪಿಕ್ಕಾಸು ಬೀಸಲಾಗದೆ ಗೀರಿ ತೆಗೆಯುವುದು, ಮಣ್ಣನ್ನು ಬುಟ್ಟಿಯಲ್ಲಿ ಹಿಂದಕ್ಕೆ ಸಾಗಿಸುವುದು ಇವೆಲ್ಲ ಅವರ ವಾಕ್ಯಗಳಲ್ಲಿ ತಾವಾಗಿ ಬರುತ್ತವೆ. ಇಂಥ ಕಂತುಗಳನ್ನು ಆ ಕೆಲಸ ಮಾಡಿದ ಊರಿನ ಹಿರಿಯರಿಗೆ ಓದಿ ಹೇಳಿ. ಬರೆದವರ ಹೆಸರು ಹೇಳಬೇಡಿ, ಇಲ್ಲದಿದ್ದರೆ ಉತ್ತರ ಕೆಲಸದ ಬಗ್ಗೆ ಬರುವುದಿಲ್ಲ, ಮನುಷ್ಯನ ಬಗ್ಗೆ ಬರುತ್ತದೆ.

ಭಾಷೆ ಚೆನ್ನಾಗಿದೆ, ಕಣ್ಣೀರು ಬರುತ್ತದೆ ಎಂಬುದು ಯಾವ ಕಡೆಗೂ ಸಾಕ್ಷಿಯಲ್ಲ. ಓದು ಕಲಿಯದವರ ಕತೆಯನ್ನು ಮಗಳು ಕೂತು ತಿದ್ದಿ ಹಾಕುವುದು ಸಾಮಾನ್ಯ. ಗಮನಿಸಬೇಕಾದದ್ದು ನಕಲು. ಮಲಯಾಳದಲ್ಲಿ ಹರಿದಾಡಿದ ಕತೆ ಊರಿನ ಹೆಸರು ಬದಲಿಸಿಕೊಂಡು ಕನ್ನಡಕ್ಕೆ ಬರಬಹುದು. ಎರಡೂ ಭಾಷೆ ಬಲ್ಲ ಕಾಸರಗೋಡಿನ ಓದುಗರಿಗೆ ಇದನ್ನು ಹಿಡಿಯುವುದು ಸುಲಭ. ವಿಚಿತ್ರವಾದ ಒಂದು ವಾಕ್ಯವನ್ನು ಆರಿಸಿ ಎರಡೂ ಲಿಪಿಯಲ್ಲಿ ಹುಡುಕಿ. ಚಿತ್ರವನ್ನು ಗೂಗಲ್ ಲೆನ್ಸ್ ಅಥವಾ ಟಿನ್‌ಐಯಲ್ಲಿ ಹಾಕಿ. ವಾಟ್ಸಾಪಿನಲ್ಲಿ ಬಂದ ಫೋಟೋದಿಂದ ತೆಗೆದ ದಿನ, ಜಾಗದ ವಿವರ ಸಿಗುವುದಿಲ್ಲ. ಕಳಿಸುವಾಗಲೇ ಅದು ಅಳಿದಿರುತ್ತದೆ, ವಿವರವಿಲ್ಲ ಎಂಬುದನ್ನು ಮೋಸದ ಗುರುತೆಂದು ತಿಳಿಯಬಾರದು.

ಹೊರಗಿನ ಮೂರು ಪ್ರಕರಣಗಳು

ಮಿಶಾ ಡೆಫೊನ್ಸೆಕಾ ಎಂಬಾಕೆ 1997ರಲ್ಲಿ ಆತ್ಮಕತೆ ಪ್ರಕಟಿಸಿದರು. ನಾಜಿಗಳು ಎಳೆದೊಯ್ದ ತಂದೆತಾಯಿಯನ್ನು ಹುಡುಕುತ್ತ ಪುಟ್ಟ ಯಹೂದಿ ಹುಡುಗಿ ಯೂರೋಪನ್ನು ನಡೆದು ದಾಟಿದಳು, ತೋಳಗಳು ಕಾಪಾಡಿದವು ಎಂದು ಅದರಲ್ಲಿತ್ತು. ಅದನ್ನು ಮುರಿದದ್ದು ವಂಶಾವಳಿ ಹುಡುಕುವವರಿಗೆ ಸಿಕ್ಕ ಎರಡು ಸಾದಾ ಕಾಗದ. ಒಂದು ಚರ್ಚಿನ ದೀಕ್ಷಾಸ್ನಾನದ ದಾಖಲೆ, ಇನ್ನೊಂದು ಶಾಲೆಯ ದಾಖಲಾತಿ ಪುಸ್ತಕ. ಕಾಡಿನಲ್ಲಿ ನಡೆಯುತ್ತಿದ್ದಳೆಂಬ ವರ್ಷದಲ್ಲಿ ಆಕೆ ಬೆಲ್ಜಿಯಮ್ಮಿನ ಶಾಲೆಯೊಂದರ ಪುಸ್ತಕದಲ್ಲಿದ್ದಳು. 2008ರಲ್ಲಿ ಆಕೆಯೇ ಒಪ್ಪಿಕೊಂಡರು. ಆದರೆ ಆಕೆಯ ತಂದೆತಾಯಿಯನ್ನು ನಾಜಿಗಳು ಹಿಡಿದೊಯ್ದದ್ದು ನಿಜ, ಆಕೆ ಅನಾಥೆಯಾಗಿ ಬೆಳೆದದ್ದೂ ನಿಜ. ಸುಳ್ಳು ಕತೆಯ ಕೆಳಗೆ ನಿಜವಾದ ನೋವು ಇರಬಹುದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಅಮೆರಿಕದ ಜೇಮ್ಸ್ ಫ್ರೇ ತಮ್ಮ ವ್ಯಸನದ ಆತ್ಮಕತೆಯಲ್ಲಿ 87 ದಿನ ಜೈಲಿನಲ್ಲಿದ್ದೆ ಎಂದಿದ್ದರು. 2006ರಲ್ಲಿ ಪೊಲೀಸ್ ದಾಖಲೆ ತೆಗೆದು ನೋಡಿದಾಗ ಅದು ಕೆಲವೇ ಗಂಟೆ. ಬಂಧನ ನಿಜ, ಅವಧಿ ಹಿಗ್ಗಿಸಿದ್ದು.

ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಮಿದುಳಿನ ಕ್ಯಾನ್ಸರನ್ನು ಆಹಾರದಿಂದ ಗೆದ್ದೆ ಎಂದು ಆ್ಯಪ್, ಪುಸ್ತಕ ಮಾರಿದರು. ಪತ್ರಕರ್ತರು ಮೊದಲು ಹಿಡಿದ ಎಳೆ ಕಾಯಿಲೆಯದಲ್ಲ, ದಾನಕ್ಕೆ ಕೊಟ್ಟೆ ಎಂದ ಹಣ ಸಂಸ್ಥೆಗಳಿಗೆ ತಲುಪಿತೇ ಎಂಬುದು. ತಲುಪಿರಲಿಲ್ಲ. ಕಾಯಿಲೆಯೂ ಇರಲಿಲ್ಲ. 2017ರಲ್ಲಿ ಕೋರ್ಟು 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಒಬ್ಬರ ರೋಗದ ಕಾಗದ ಕೇಳುವುದು ನೋಯಿಸುವ ಕೆಲಸ, ರಶೀದಿ ಕೇಳುವುದು ಹಾಗಲ್ಲ.

ಕಾಯಿಲೆಯನ್ನೇ ಕಟ್ಟಿ ಅಂತರ್ಜಾಲದಲ್ಲಿ ಬಾಳುವವರ ಬಗ್ಗೆ 2000ದಲ್ಲಿ ಬರೆದ ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ ಕೆಲವು ಗುರುತು ಹೇಳಿದ್ದಾರೆ. ಸಾಯುವ ಸ್ಥಿತಿಗೆ ಹೋಗಿ ಪವಾಡದಂತೆ ಮರಳುವುದು ಮತ್ತೆ ಮತ್ತೆ ಆಗುತ್ತದೆ, ಜನರ ಗಮನ ಬೇರೆ ಕಡೆ ಹೋದ ಕೂಡಲೇ ಹೊಸ ಆಪತ್ತು ಬರುತ್ತದೆ, ಫೋನಿನಲ್ಲಿ ಮಾತಾಡಲು ಒಪ್ಪುವುದಿಲ್ಲ, ‘ತಮ್ಮ’ ಎಂದೋ ‘ಗೆಳತಿ’ ಎಂದೋ ಬರೆಯುವವರ ಶೈಲಿ, ಅಕ್ಷರದ ತಪ್ಪು ಎಲ್ಲ ಅವರದೇ ಆಗಿರುತ್ತದೆ. ಒಂದು ಗುರುತು ಕಂಡರೆ ಸುಮ್ಮನಿರಿ, ಮೂರುನಾಲ್ಕು ಒಟ್ಟಾದರೆ ಹಣದ ಮಾತು ಬಂದಾಗ ಬಿಗಿಯಾಗಿ.

ಹಣದ ಮಾತು ಬಂದಾಗ

ನಮ್ಮ ಕಡೆ ದಾರಿ ಗಟ್ಟಿಯಾಗಿಯೇ ಇದೆ. ನಿಜವಾದ ದೊಡ್ಡ ಚಿಕಿತ್ಸೆಗೆ ಊರಿನಲ್ಲಿ ಚಿಕಿತ್ಸಾ ಸಹಾಯ ಸಮಿತಿ ಆಗುತ್ತದೆ, ವಾರ್ಡ್ ಮೆಂಬರ್ ಅದರಲ್ಲಿರುತ್ತಾರೆ, ಖಾತೆ ಜಂಟಿ ಹೆಸರಿನಲ್ಲಿರುತ್ತದೆ. ಸಮಿತಿಯಿಲ್ಲದೆ ಖಾಸಗಿ ನಂಬರು ಮಾತ್ರ ಇದ್ದರೆ ಆ ವಾರ್ಡಿನ ಮೆಂಬರಿಗೆ ಒಂದು ಫೋನು ಮಾಡಿ ಕೇಳಿ. ಎರಡು ನಿಮಿಷದ ಕೆಲಸ, ಹೆಚ್ಚಿನ ಸಂಶಯ ಅಲ್ಲೇ ತೀರುತ್ತದೆ. ಯುಪಿಐಯಲ್ಲಿ ಹಣ ಹಾಕುವ ಮೊದಲು ಕಾಣುವ ಖಾತೆದಾರರ ಹೆಸರು ಕತೆಯಲ್ಲಿರುವ ಯಾರದ್ದೂ ಅಲ್ಲದಿದ್ದರೆ ಯಾರೆಂದು ಕೇಳಿ. ಆಸ್ಪತ್ರೆಯ ಅಂದಾಜು ಪತ್ರ ಹಾಕಿದ್ದರೆ ಪೋಸ್ಟರಿನ ನಂಬರಿಗಲ್ಲ, ಆಸ್ಪತ್ರೆಯ ಜಾಲತಾಣದಲ್ಲಿರುವ ನಂಬರಿಗೆ ಫೋನು ಮಾಡಿ. ರೋಗ ಏನೆಂದು ಅವರು ಹೇಳುವುದಿಲ್ಲ, ಹೇಳಬಾರದು. ಆಸ್ಪತ್ರೆ ಕೊಟ್ಟ ರೋಗಿಯ ನಂಬರಿಗೆ ನೇರ ಬಿಲ್ ಕಟ್ಟಬಹುದೇ ಎಂದು ಮಾತ್ರ ಕೇಳಿ. ನಿಜವಾಗಿ ಅಗತ್ಯ ಇರುವ ಮನೆಯವರು ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ.

ಕೇಳುವುದು ಹೇಗೆ

ಎಲ್ಲರ ಮುಂದೆ ಕೇಳಬೇಡಿ. ಇನ್‌ಬಾಕ್ಸಿನಲ್ಲಿ, ಒಂದು ಸಲಕ್ಕೆ ಒಂದೇ ಪ್ರಶ್ನೆ: ‘ಅಣ್ಣ, ಬೊಂಬಾಯಿಗೆ ಮೊದಲ ಸಲ ಹೋದದ್ದು ಬಸ್ಸಿನಲ್ಲೋ ರೈಲಿನಲ್ಲೋ? ಕೊಂಕಣ ರೈಲು 98ರಲ್ಲಿ ಬಂತಲ್ಲ, ಅದಕ್ಕೆ ಕೇಳಿದೆ.’ ಉತ್ತರಕ್ಕಿಂತ ಉತ್ತರದ ರೀತಿ ನೋಡಬೇಕು. ‘ಓ, ಹೌದಲ್ಲ, ಅದು ಎರಡನೇ ಸಲದ್ದು’ ಎಂದು ತಿದ್ದಿಕೊಂಡರೆ ಅಲ್ಲಿಗೆ ಮುಗಿಯಿತು. ಪ್ರತಿ ಪ್ರಶ್ನೆಗೂ ಕತೆಯೇ ಹೊಸದಾಗಿ ಬದಲಾಗುತ್ತ, ಸಾಕ್ಷಿಯೆಲ್ಲ ಸತ್ತುಹೋಗಿ, ಕಾಗದವೆಲ್ಲ ನೆರೆಯಲ್ಲಿ ಕೊಚ್ಚಿಹೋಗಿ, ಕೊನೆಗೆ ಕೇಳಿದವರನ್ನೇ ಬ್ಲಾಕ್ ಮಾಡಿದರೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆದರೆ ನೊಂದವರೂ ಬ್ಲಾಕ್ ಮಾಡುತ್ತಾರೆ, ಮೌನ ಒಂದೇ ಸಾಕ್ಷಿಯಾಗದು.

ಕೋರ್ಟು ಕೇಸಿನ ಉಲ್ಲೇಖ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕೋರ್ಟು, ಇಸವಿ, ಪಕ್ಷಗಾರರ ಹೆಸರು ಹಾಕಿ ನೋಡಬಹುದು. ಹಳೆಯ ಕೇಸುಗಳು ಸಿಗದಿದ್ದರೆ ಇರಲಿಲ್ಲ ಎಂದು ಅರ್ಥವಲ್ಲ. ಲೈಂಗಿಕ ದೌರ್ಜನ್ಯದ ಕತೆಯನ್ನು ಹೀಗೆ ಬೆನ್ನಟ್ಟಲೇಬಾರದು. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆಡಹುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ. ‘ಇವನು ಸುಳ್ಳುಗಾರ’ ಎಂದು ಫೇಸ್‌ಬುಕ್ ಗೋಡೆಯ ಮೇಲೆ ಬರೆದರೆ 356ನೆಯ ಕಲಮಿನಡಿ ಮಾನಹಾನಿಯ ಕೇಸು ನಿಮ್ಮ ಮೇಲೆ ಬರಬಹುದು. ‘ಈ ಕಂತಿನ ಈ ಇಸವಿ ಕೊಂಕಣ ರೈಲಿನ ಇಸವಿಗೆ ಹೊಂದುವುದಿಲ್ಲ’ ಎಂದು ಸಂಗತಿಯಷ್ಟನ್ನೇ ಬರೆದರೆ ಓದುಗರಿಗೂ ಉಪಯೋಗ, ಬರೆದವರಿಗೂ ತಿದ್ದಿಕೊಳ್ಳಲು ಜಾಗ.

ಹಣ ಹೋಗಿಯೇ ಬಿಟ್ಟಿದ್ದರೆ ವಾದಕ್ಕೆ ನಿಲ್ಲದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಆಗುವುದು ಮೊದಲ ಕೆಲವು ಗಂಟೆಗಳಲ್ಲಿ. ಯುಪಿಐಯ 12 ಅಂಕಿಯ ವ್ಯವಹಾರ ಸಂಖ್ಯೆ, ಕಳಿಸಿದ ಹೊತ್ತು, ಮೊದಲ ದಿನ ತೆಗೆದಿಟ್ಟ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.